ಎದೆಯ ನೆರಳುಚಿತ್ರವೂ ಇನ್‌ಫ್ಲುಯೆಂಜಾ ಜ್ವರವೂ



೧೮೯೫ನೆಯ ಇಸವಿಯಲ್ಲಿ ಜರ್ಮನಿಯ ರಾಂಟ್‌ಜೆನ್ ಎಂಬ ವಿಜ್ಞಾನಿಯು ಕ್ಷ-ಕಿರಣಗಳನ್ನು ಕಂಡುಹಿಡಿದ ಸಂಗತಿಯನ್ನು ನೀವು ಪಾಠದಲ್ಲಿ ಓದಿರುವಿರಿ. ಆ ಕಿರಣಗಳು ವೈದ್ಯರಿಗೆ ಎದೆಯೊಳಗಿನ ಸ್ಥಿತಿಯನ್ನು ಹೇಗೆ ತಿಳಿಸುತ್ತವೆ ಎಂಬುದನ್ನು ಒಂದು ದೃಷ್ಟಾಂತದಿಂದ ವಿವರಿಸುವೆನು.

ಕೊಚ್ಚಿಯ ಉಪಾಹಾರಗೃಹವೊಂದರಲ್ಲಿ ಕೆಲಸಮಾಡುವ ನನ್ನ ಅಣ್ಣನಿಗೆ ಒಂದು ಮಳೆಗಾಲದಲ್ಲಿ ಜ್ವರ, ಕೆಮ್ಮು, ಮೈಕೈ ನೋವು ಕಾಣಿಸಿಕೊಂಡವು. ‘ಮಳೆಯ ನೆಗಡಿ, ತಾನೇ ಹೋದೀತು’ ಎಂದು ಶುಂಠಿಯ ಕಷಾಯ ಕುಡಿದು ಐದು ದಿನ ಕಳೆದನು. ಆರನೆಯ ದಿನ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂದಿತು. ಆಸ್ಪತ್ರೆಯಲ್ಲಿ ವೈದ್ಯರು ಅವನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು.

ಆರೋಗ್ಯವಂತರ ಚಿತ್ರದಲ್ಲಿ ಶ್ವಾಸಕೋಶಗಳು ಕಪ್ಪಾಗಿ ಕಾಣುತ್ತವೆ. ಅವುಗಳಲ್ಲಿ ತುಂಬಿರುವ ಗಾಳಿಯು ಕಿರಣಗಳನ್ನು ಹೆಚ್ಚಾಗಿ ತಡೆಯದು. ಎಲುಬುಗಳೂ ಹೃದಯವೂ ತಡೆಯುವುದರಿಂದ ಬೆಳ್ಳಗೆ ತೋರುತ್ತವೆ. ರೋಗಾಣುವು ಶ್ವಾಸಕೋಶದ ಪುಟ್ಟ ಗಾಳಿಚೀಲಗಳನ್ನು ಕೆಡಿಸಿದಾಗ ಅವುಗಳೊಳಕ್ಕೆ ದ್ರವವು ಒಸರಿ, ಕಪ್ಪಿರಬೇಕಾದ ಕಡೆ ಬಿಳಿಯ ಮಬ್ಬು ಮೂಡುತ್ತದೆ. ತೀವ್ರವಾದ ಇನ್‌ಫ್ಲುಯೆಂಜಾದಲ್ಲಿ ಇದು ಬಹುಮಟ್ಟಿಗೆ ಎರಡೂ ಪಾರ್ಶ್ವಗಳಲ್ಲಿ, ವಿಶೇಷವಾಗಿ ನಡುವಿನ ಮತ್ತು ಕೆಳಗಿನ ಭಾಗಗಳಲ್ಲಿ, ತೇಪೆತೇಪೆಯಾಗಿ ಕಾಣುವುದುಂಟು. ಸಿ.ಟಿ. ಯಂತ್ರದ ಚಿತ್ರದಲ್ಲಿ ಅದು ಮಸುಕುಗಾಜಿನಂತೆ ತೋರುತ್ತದೆ. ರಕ್ತನಾಳಗಳು ಅದರ ಮೂಲಕವೂ ಕಾಣುತ್ತಿರುತ್ತವೆ. ಗಾಳಿಚೀಲಗಳು ಪೂರ್ತಿಯಾಗಿ ತುಂಬಿದೆಡೆಯಲ್ಲಾದರೋ ಅಚ್ಚಬಿಳಿಯ ಕಲೆಯಾಗಿ, ನಾಳಗಳು ಮರೆಯಾಗುತ್ತವೆ. ಇಂತಹ ಕಲೆಗಳು ಒಂದಕ್ಕೊಂದು ಕೂಡಿ ಹರಡಿದರೆ ರಕ್ತಕ್ಕೆ ಆಮ್ಲಜನಕವು ಸಾಲದೆ ಪ್ರಾಣಾಪಾಯವುಂಟಾಗುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಮೊದಲನೆಯದು, ಚಿತ್ರವು ಕೇಡನ್ನು ತೋರಿಸುವುದೇ ಹೊರತು ಅದನ್ನು ಮಾಡಿದ ರೋಗಾಣುವಿನ ಹೆಸರನ್ನು ಹೇಳದು. ಕೋವಿಡ್ ರೋಗದಲ್ಲಿಯೂ ಇಂತಹುದೇ ಮಬ್ಬು ಕಾಣುತ್ತದೆ. ಆದುದರಿಂದ ಮೂಗು, ಗಂಟಲುಗಳ ದ್ರವವನ್ನು ಪರೀಕ್ಷಿಸಬೇಕು. ೨೦೦೯ರಲ್ಲಿ ಎಚ್೧ಎನ್೧ ಇನ್‌ಫ್ಲುಯೆಂಜಾ ಜಗತ್ತಿನಲ್ಲೆಲ್ಲ ಹರಡಿ ಕೇರಳಕ್ಕೂ ಬಂದಾಗ ಇಂತಹ ಪರೀಕ್ಷೆಯ ಮಹತ್ವವು ಎಲ್ಲರಿಗೂ ಮನದಟ್ಟಾಯಿತು. ಕೊಚ್ಚಿಗೂ ತಿರುವನಂತಪುರಕ್ಕೂ ನಡುವೆ ಇರುವ ಆಲಪ್ಪುಳದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕವಿದೆ. ತಿರುವನಂತಪುರದ ಬಳಿಯ ತೋನ್ನಯ್ಕಲ್‌ನಲ್ಲಿ ೨೦೧೯ರಲ್ಲಿ ಇನ್ನೊಂದು ವೈರಾಣು ಸಂಸ್ಥೆ ಉದ್ಘಾಟನೆಯಾಯಿತು. ಎರಡನೆಯದು, ರೋಗದ ಆರಂಭದಲ್ಲಿ ಚಿತ್ರವು ನಿರ್ಮಲವಾಗಿಯೇ ಇರಬಹುದು. ಚಿತ್ರ ಚೆನ್ನಾಗಿದೆಯೆಂದು ಏದುಸಿರನ್ನು ಕಡೆಗಣಿಸಬಾರದು. ಇಳಿದ ಜ್ವರವು ಮತ್ತೆ ಏರಿ, ಶ್ವಾಸಕೋಶದ ಒಂದೇ ಭಾಗದಲ್ಲಿ ಹೊಸದಾಗಿ ದಟ್ಟವಾದ ಕಲೆ ಕಂಡರೆ ಬ್ಯಾಕ್ಟೀರಿಯಾಗಳೂ ಸೇರಿಕೊಂಡಿರಬಹುದೆಂದು ವೈದ್ಯರು ಶಂಕಿಸುತ್ತಾರೆ.

ಇನ್‌ಫ್ಲುಯೆಂಜಾಕ್ಕೆ ಕೊಡುವ ಒಸೆಲ್ಟಾಮಿವಿರ್ ಔಷಧವು ಮೊದಲ ಎರಡು ದಿನಗಳೊಳಗೆ ಆರಂಭಿಸಿದರೆ ಹೆಚ್ಚು ಫಲಕಾರಿ. ಅಣ್ಣನು ಆ ದಿನಗಳನ್ನು ಕಳೆದುಕೊಂಡಿದ್ದನು. ಆದರೂ ಔಷಧ, ಆಮ್ಲಜನಕ, ದಾದಿಯರ ಆರೈಕೆಗಳಿಂದ ಬದುಕಿಕೊಂಡನು. ಕೆಲವು ವಾರಗಳ ಬಳಿಕ ತೆಗೆದ ಚಿತ್ರದಲ್ಲಿ ಮಬ್ಬು ಸರಿದು ಶ್ವಾಸಕೋಶಗಳು ಮತ್ತೆ ಕಪ್ಪಾಗಿದ್ದವು. ಕಪ್ಪು ಬಣ್ಣವನ್ನು ಕಂಡು ನಾನು ಅಷ್ಟು ಸಂತೋಷಪಟ್ಟುದು ಅದೇ ಮೊದಲು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಜ್ವರದಿಂದ ಮಲಗಿದ ಹಿರಿಯರು ‘ಏನೂ ಇಲ್ಲ’ ಎಂದರೂ ಅವರ ಉಸಿರಾಟವನ್ನು ಗಮನಿಸಿರಿ. ಉಸಿರು ವೇಗವಾದರೆ ನಾಳೆಯವರೆಗೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.