ದುರಸ್ತಿಯೋ? ಹೊಸತೋ?

ಮನುಷ್ಯನು ಮಾಡಿದ ವಸ್ತುಗಳಿಗೆಲ್ಲ ಒಂದು ಆಯುಷ್ಯವುಂಟು. ಬಳಸಿದರೆ ಅವು ಸವೆಯುತ್ತವೆ. ಬಳಸದೆ ಮೂಲೆಗಿಟ್ಟರೆ ತುಕ್ಕು ಹಿಡಿಯುತ್ತವೆ. ಸವೆದ ವಸ್ತುವನ್ನು ಸರಿಪಡಿಸಿ ಉಳಿಸಿಕೊಳ್ಳಬೇಕೋ, ಅದನ್ನು ಬಿಟ್ಟು ಹೊಸದನ್ನು ತರಬೇಕೋ ಎಂಬ ಪ್ರಶ್ನೆ ಪ್ರತಿಯೊಂದು ಸಂಸಾರಕ್ಕೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ಪ್ರಶ್ನೆ ಚಿಕ್ಕದು; ಆದರೆ ಅದಕ್ಕೆ ಉತ್ತರ ಕೊಡುವಾಗ ಹಣ, ಶ್ರಮ, ನೀರು, ನೆಲ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಕೆಲವು ವಸ್ತುಗಳ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿಯೇ ಇರುತ್ತದೆ. ಹಿಂದೆ ಪುಲಿಗೆರೆ ಎಂದು ಹೆಸರಾಗಿದ್ದ ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ದೇವಾಲಯವಿದೆ. ಅಂಥ ಗುಡಿಯ ಕಂಬವೊಂದು ವಾಲಿದರೆ, ಗುಡಿಯನ್ನೇ ಕೆಡವಿ ಹೊಸದನ್ನು ಕಟ್ಟೋಣವೆಂದು ಯಾರೂ ಹೇಳುವುದಿಲ್ಲ. ಅದಕ್ಕೆ ದುರಸ್ತಿಯೊಂದೇ ದಾರಿ. ಇನ್ನೊಂದು ತುದಿಯಲ್ಲಿ, ತಂತಿ ಸುಟ್ಟುಹೋದ ವಿದ್ಯುತ್ ಬುರುಡೆಯನ್ನು ರಿಪೇರಿ ಮಾಡಿಸಲು ಯಾರೂ ಹೊರಡುವುದಿಲ್ಲ. ಈ ಎರಡರ ನಡುವೆ ಇರುವ ವಸ್ತುಗಳೇ ನಮ್ಮನ್ನು ಚಿಂತೆಗೀಡುಮಾಡುತ್ತವೆ. ರೈತನು ನೇಗಿಲಿನ ಕುಳವನ್ನು ಕಮ್ಮಾರನ ಕುಲುಮೆಗೆ ಒಯ್ದು ಮತ್ತೆ ಮತ್ತೆ ಹದಗೊಳಿಸುತ್ತಾನೆ. ಅದು ಗಿಡ್ಡವಾಗಿ ನೆಲವನ್ನು ಕಚ್ಚದಂತಾದಾಗ ಮಾತ್ರ ಹೊಸ ಕುಳವನ್ನು ಹಾಕಿಸುತ್ತಾನೆ. ಬೆಟಗೇರಿಯ ನೇಕಾರನು ಸವೆದ ಲಾಳಿಯನ್ನೂ ಹಣಿಗೆಯನ್ನೂ ಬದಲಿಸುತ್ತಾನೆಯೇ ಹೊರತು ಮಗ್ಗವನ್ನೇ ಎತ್ತಿ ಒಗೆಯುವುದಿಲ್ಲ. ನಮ್ಮ ಭಾಗದ ಅಜ್ಜಿಯರು ಹರಿದ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಹೊಲಿದು, ಬೆಚ್ಚನೆಯ ಕೌದಿಯನ್ನು ಮಾಡುತ್ತಾರೆ.

ಆದರೆ ಕೆಡದ ಯಂತ್ರವನ್ನೂ ಬಿಡಬೇಕಾದ ಸಂದರ್ಭ ಬರಬಹುದು. ‘ಮುದ್ರಣ ಕಾಶಿ’ ಎಂದು ಖ್ಯಾತಿ ಪಡೆದ ಗದಗಿನ ಅಚ್ಚುಕೂಟಗಳಲ್ಲಿ ಒಂದು ಕಾಲಕ್ಕೆ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದರು. ಮುಂದೆ ಆಫ್‌ಸೆಟ್ ಮುದ್ರಣ ಬಂದಿತು. ಹಳೆಯ ಯಂತ್ರಗಳು ಗಟ್ಟಿಮುಟ್ಟಾಗಿಯೇ ಇದ್ದವು. ಅವು ನಿಂತದ್ದು ಮುರಿದುದರಿಂದಲ್ಲ, ಮುದ್ರಣದ ಕ್ರಮವೇ ಬದಲಾದುದರಿಂದ. ಹೀಗೆ ‘ಹಳೆಯದು’ ಎಂಬುದೂ ‘ಕೆಟ್ಟದ್ದು’ ಎಂಬುದೂ ಬೇರೆ ಬೇರೆ ಮಾತುಗಳು. ಇವುಗಳ ವ್ಯತ್ಯಾಸವನ್ನು ಅರಿಯುವುದೇ ಸರಿಯಾದ ನಿರ್ಧಾರದ ಮೊದಲ ಮೆಟ್ಟಿಲು.

ಇಂದು ಅನೇಕ ಮನೆಗಳಲ್ಲಿ ಈ ಪ್ರಶ್ನೆಯನ್ನು ಎಬ್ಬಿಸುವ ವಸ್ತುವೆಂದರೆ ಬಟ್ಟೆ ಒಗೆಯುವ ಯಂತ್ರ. ಅದು ಬರಿಯ ಸುಖಸಾಧನವೆಂದು ತಿಳಿಯುವುದು ತಪ್ಪಾದೀತು. ಐದಾರು ಜನರ ಬಟ್ಟೆಗಳನ್ನು ಕೈಯಿಂದ ಒಗೆಯಬೇಕಾದರೆ 15 ಲೀಟರಿನ ಎಂಟು ಕೊಡಗಳಷ್ಟು ನೀರಾದರೂ ಬೇಕೆಂದು ಇಟ್ಟುಕೊಳ್ಳೋಣ. ಅದರ ಭಾರವೇ 120 ಕಿಲೋಗ್ರಾಂ. ಅದನ್ನು ಹೊತ್ತು ತರುವುದು, ಬಟ್ಟೆಗಳನ್ನು ಕಲ್ಲಿಗೆ ಬಡಿಯುವುದು, ಜಾಲಿಸುವುದು, ಹಿಂಡುವುದು – ಈ ದುಡಿಮೆಯೆಲ್ಲ ಬಹುಮಟ್ಟಿಗೆ ಮನೆಯ ಹೆಂಗಸರ ಪಾಲಿಗೇ ಬಂದಿದೆ. ಯಂತ್ರ ನಿಂತ ದಿನ ಈ ಭಾರ ಮತ್ತೆ ಯಾರ ಬೆನ್ನಿಗೆ ಏರುತ್ತದೆ ಎಂಬುದನ್ನು ಮನೆಯವರೆಲ್ಲರೂ ಯೋಚಿಸಬೇಕು. ‘ಸರಿಪಡಿಸೋಣ, ಅವಸರವೇನು?’ ಎಂದು ಕುಳಿತು ಹೇಳುವವನು ಒಗೆಯುವವನಲ್ಲದಿದ್ದರೆ, ಆ ಲೆಕ್ಕ ಅಪೂರ್ಣವಾದದ್ದು.

ನಿರ್ಧಾರಕ್ಕೆ ಮುನ್ನ ಯಂತ್ರದ ರಚನೆಯನ್ನು ಸ್ವಲ್ಪಮಟ್ಟಿಗೆ ಅರಿತಿರಬೇಕು. ಅರೆಸ್ವಯಂಚಾಲಿತ ಯಂತ್ರದಲ್ಲಿ ಒಗೆಯುವ ತೊಟ್ಟಿ ಒಂದು, ಹಿಂಡುವ ತೊಟ್ಟಿ ಒಂದು. ಒಗೆಯುವ ತೊಟ್ಟಿಯ ತಳದಲ್ಲಿರುವ ಬಿಲ್ಲೆಯನ್ನು ಮೋಟಾರು ಬೆಲ್ಟಿನ ಮೂಲಕ ಎಡಕ್ಕೂ ಬಲಕ್ಕೂ ತಿರುಗಿಸುತ್ತದೆ. ಹಿಂಡುವ ತೊಟ್ಟಿ ಅತಿವೇಗದಿಂದ ತಿರುಗಿ ಬಟ್ಟೆಯಲ್ಲಿರುವ ನೀರನ್ನು ಹೊರಕ್ಕೆ ಎಸೆಯುತ್ತದೆ. ಮೋಟಾರಿನ ಸದ್ದು ಕೇಳಿಸಿದರೂ ಬಿಲ್ಲೆ ತಿರುಗದಿದ್ದರೆ ಬೆಲ್ಟು ಸಡಿಲವಾಗಿರಬಹುದು ಅಥವಾ ಹರಿದಿರಬಹುದು. ಮೋಟಾರು ಗುಂಯ್‌ಗುಟ್ಟಿ ತಿರುಗದೆ ನಿಂತರೆ ಕೆಪಾಸಿಟರ್ ಕೆಟ್ಟಿರುವ ಸಂಭವವುಂಟು. ನೀರು ಹೊರಹೋಗದಿದ್ದರೆ ಕೊಳವೆಯಲ್ಲಿ ದಾರ, ನಾರು, ಗುಂಡಿಗಳು ಸಿಕ್ಕಿಕೊಂಡಿರಬಹುದು. ಇವೆಲ್ಲ ಸಣ್ಣ ರೋಗಗಳು. ಇವುಗಳಿಗೆ ಅಲ್ಪವೆಚ್ಚದ ಮದ್ದು ಉಂಟು. ತೊಟ್ಟಿಯೇ ಸೀಳುಬಿಟ್ಟಿದ್ದರೆ, ಬೇರಿಂಗು ಸವೆದು ದಂಡಕ್ಕೆ ತುಕ್ಕು ಹತ್ತಿದ್ದರೆ, ಮೋಟಾರಿನ ಸುರುಳಿ ಸುಟ್ಟಿದ್ದರೆ ರೋಗ ದೊಡ್ಡದು. ಯಂತ್ರವನ್ನು ಮುಟ್ಟಿದಾಗ ವಿದ್ಯುತ್ತಿನ ಆಘಾತವಾದರಂತೂ ಆ ಕ್ಷಣವೇ ಬಳಕೆಯನ್ನು ನಿಲ್ಲಿಸಬೇಕು. ಕೆಪಾಸಿಟರು ವಿದ್ಯುತ್ ಸಂಪರ್ಕವನ್ನು ಕಡಿದ ಮೇಲೂ ಕೆಲಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಆದ್ದರಿಂದ ತಿಳಿದವರಲ್ಲದೆ ಬೇರೆಯವರು ಯಂತ್ರವನ್ನು ಬಿಚ್ಚಬಾರದು.

ಯಂತ್ರದ ಆಯುಷ್ಯಕ್ಕೂ ಊರಿನ ನೀರಿಗೂ ನಿಕಟವಾದ ಸಂಬಂಧವಿದೆ. ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿಗಳ ಸುತ್ತಿನ ಅನೇಕ ಕೊಳವೆಬಾವಿಗಳ ನೀರು ಗಡಸು. ಜನರು ಅದನ್ನು ಸವಳು ನೀರೆಂದು ಕರೆಯುತ್ತಾರೆ. ಇಂಥ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ನೊರೆಯ ಬದಲು ಜಿಗುಟಾದ ಗಸಿಯನ್ನು ಉಂಟುಮಾಡುತ್ತವೆ. ನೀರನ್ನು ಕಾಯಿಸುವ ಯಂತ್ರಗಳಲ್ಲಿ ಸುಣ್ಣದಂಥ ಬಿಳಿಯ ಪದರವು ಹೀಟರಿನ ಮೇಲೆ ಕುಳಿತು, ಶಾಖವು ನೀರಿಗೆ ತಲುಪದಂತೆ ತಡೆಯುತ್ತದೆ. ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ, ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಬಳಸಿದರೆ ಈ ಪದರವು ಬಿಡುತ್ತದೆ. ಕೆಟ್ಟಿತೆಂದು ತೋರಿದ ಯಂತ್ರವು ಬರಿಯ ಶುದ್ಧೀಕರಣದಿಂದಲೇ ಚೇತರಿಸಿಕೊಳ್ಳುವುದುಂಟು. ತುಂಗಭದ್ರೆಯ ಹೊಳೆನೀರು ದೊರೆತಾಗ ಅದನ್ನು ಒಗೆಯುವುದಕ್ಕೂ ಬಳಸಿದರೆ ಯಂತ್ರ ಹೆಚ್ಚು ಕಾಲ ಬಾಳುತ್ತದೆ.

ಇನ್ನು ಹಣದ ಲೆಕ್ಕ. ದುರಸ್ತಿಯ ವೆಚ್ಚವು ಹೊಸ ಯಂತ್ರದ ಬೆಲೆಯ ಅರ್ಧವನ್ನು ಮೀರಿದರೆ ಹೊಸದನ್ನೇ ಕೊಳ್ಳಬೇಕು ಎಂಬ ಸಾಮಾನ್ಯ ನಿಯಮವೊಂದುಂಟು. ಮೂಗಿಗಿಂತ ಮೂಗುತಿ ಭಾರವಾಗಬಾರದು ಎಂಬುದು ಅದರ ತಾತ್ಪರ್ಯ. ಈ ನಿಯಮ ಸರಳವಾದುದು; ಆದರೆ ಅದು ಒಂದು ಮುಖ್ಯ ಸಂಗತಿಯನ್ನು ಬಿಟ್ಟುಬಿಡುತ್ತದೆ. ದುರಸ್ತಿಯಾದ ಯಂತ್ರ ಎಷ್ಟು ವರ್ಷ ನಡೆದೀತು ಎಂಬುದೇ ಆ ಸಂಗತಿ. ಆದ್ದರಿಂದ ‘ಒಟ್ಟು ಎಷ್ಟು ರೂಪಾಯಿ?’ ಎಂದು ಕೇಳುವ ಬದಲು ‘ವರ್ಷಕ್ಕೆ ಎಷ್ಟು ರೂಪಾಯಿ?’ ಎಂದು ಕೇಳುವುದು ಲೇಸು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಟಗೇರಿಯ ನೇಕಾರರೊಬ್ಬರ ಮನೆಯಲ್ಲಿ ಎಂಟು ವರ್ಷದ ಹಳೆಯ ಯಂತ್ರವಿದೆ ಎಂದು ಭಾವಿಸೋಣ. ಅದು ಒಂದು ದಿನ ನಿಂತುಹೋಯಿತು. ರಿಪೇರಿಯ ಹುಡುಗ ಬಂದು ಹಿಂಬದಿಯ ಮುಚ್ಚಳವನ್ನು ತೆರೆದು ನೋಡಿದನು. ಮನೆಯಾಕೆ ಕೇಳಿದಳು:

“ಏನಪಾ ತಮ್ಮಾ, ಇದು ಇನ್ನ ನಡದೀತೇನ?”

“ನಡೀತೈತ್ರಿ ಅವ್ವಾರ. ಮೋಟಾರ ಗಟ್ಟಿ ಐತ್ರಿ. ಬೆಲ್ಟ್ ಹರದೈತಿ, ಕೆಪಾಸಿಟರ್ ಹೋಗೈತಿ, ಅಷ್ಟರಿ.”

“ಹಾಕಿದ್ರ ಎಷ್ಟ ವರ್ಸ ಬಂದೀತು?”

“ಮೂರ ವರ್ಸಕ್ಕ ಮೋಸ ಇಲ್ರಿ.”

ಆಕೆಯ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ದುರಸ್ತಿಯ ವೆಚ್ಚ 900 ರೂಪಾಯಿ, ಯಂತ್ರ ನಡೆಯುವುದು 3 ವರ್ಷ ಎಂದಾದರೆ ವರ್ಷಕ್ಕೆ ಬೀಳುವ ವೆಚ್ಚ 300 ರೂಪಾಯಿ. ಹೊಸ ಯಂತ್ರಕ್ಕೆ 14,000 ರೂಪಾಯಿ, ಅದರ ಆಯುಷ್ಯ 10 ವರ್ಷ ಎಂದಾದರೆ ವರ್ಷಕ್ಕೆ 1,400 ರೂಪಾಯಿ. ಇಲ್ಲಿ ದುರಸ್ತಿಯೇ ಯೋಗ್ಯವೆಂಬುದರಲ್ಲಿ ಸಂದೇಹವಿಲ್ಲ.

ಮುಂಡರಗಿಯ ಇನ್ನೊಂದು ಮನೆಯಲ್ಲಿ ಹನ್ನೊಂದು ವರ್ಷದ ಯಂತ್ರದ ಬೇರಿಂಗು ಸವೆದು, ದಂಡಕ್ಕೆ ತುಕ್ಕು ಹತ್ತಿದೆ ಎನ್ನೋಣ. ದುರಸ್ತಿಗೆ 5,500 ರೂಪಾಯಿ. ನಡೆಯುವ ಭರವಸೆ 2 ವರ್ಷ ಮಾತ್ರ. 5,500 ಎಂಬುದು 14,000ದ ಅರ್ಧಕ್ಕಿಂತ ಕಡಿಮೆ. ‘ಅರ್ಧದ ನಿಯಮ’ವನ್ನು ನಂಬಿದವನು ದುರಸ್ತಿ ಮಾಡಿಸುತ್ತಾನೆ. ಆದರೆ ವರ್ಷದ ಲೆಕ್ಕದಲ್ಲಿ ಅದು 2,750 ರೂಪಾಯಿ. ಹೊಸ ಯಂತ್ರದ ವೆಚ್ಚಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು! ಅದೇ ದುರಸ್ತಿ 5 ವರ್ಷ ಬಾಳುವಂತಿದ್ದರೆ ವರ್ಷಕ್ಕೆ 1,100 ರೂಪಾಯಿಯಾಗಿ, ತೀರ್ಮಾನವೇ ತಿರುಗುತ್ತಿತ್ತು. ಆದಕಾರಣ ದುರಸ್ತಿ ಮಾಡುವವನಿಂದ ಎಷ್ಟು ತಿಂಗಳ ಹೊಣೆ ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದು ಜಾಣತನ.

ಈ ಲೆಕ್ಕದಲ್ಲಿ ಹಳೆಯ ಖರ್ಚನ್ನು ಸೇರಿಸಬಾರದು. ‘ಹೋದ ವರ್ಷ ತಾನೆ ಮೂರು ಸಾವಿರ ಹಾಕಿದ್ದೇವೆ; ಈಗ ಹೇಗೆ ಬಿಡುವುದು?’ ಎಂದು ಹಲವರು ಹೇಳುವುದುಂಟು. ಆ ಮೂರು ಸಾವಿರ ದುರಸ್ತಿ ಮಾಡಿಸಿದರೂ ಬಾರದು, ಬಿಟ್ಟರೂ ಬಾರದು. ಮಿಂಚಿ ಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ. ನೋಡಬೇಕಾದದ್ದು ಇನ್ನು ಮುಂದೆ ಆಗುವ ಖರ್ಚನ್ನು ಮಾತ್ರ.

ಹೊಸ ಯಂತ್ರ ವಿದ್ಯುತ್ತನ್ನು ಉಳಿಸುತ್ತದೆ ಎಂಬ ವಾದವನ್ನೂ ಅಳೆದು ನೋಡಬೇಕು. 360 ವಾಟಿನ ಮೋಟಾರು 20 ನಿಮಿಷ ತಿರುಗಿದರೆ ಖರ್ಚಾಗುವುದು 0.12 ಯೂನಿಟ್. ಹಿಂಡುವ ಖರ್ಚನ್ನು ಸೇರಿಸಿದರೂ ಒಂದು ಸರದಿಗೆ 0.15 ಯೂನಿಟ್ ಎಂದು ಹಿಡಿಯಬಹುದು. ತಿಂಗಳಿಗೆ 20 ಸರದಿ ಒಗೆದರೆ 3 ಯೂನಿಟ್ ಮಾತ್ರ. ಇದರಲ್ಲಿ ಅರ್ಧ ಉಳಿದರೂ ಉಳಿತಾಯ ಒಂದೂವರೆ ಯೂನಿಟ್! ಇಷ್ಟಕ್ಕಾಗಿ ನಡೆಯುವ ಯಂತ್ರವನ್ನು ಎಸೆಯುವುದು ವಿವೇಕವಲ್ಲ. ನೀರನ್ನು ಕಾಯಿಸುವ ಯಂತ್ರಗಳ ಮಾತು ಬೇರೆ. 15 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ಬೇಕು. ಅಲ್ಲಿ ತಣ್ಣೀರಿನಲ್ಲಿ ಒಗೆಯುವ ಅಭ್ಯಾಸವೇ ದೊಡ್ಡ ಉಳಿತಾಯ; ಅದಕ್ಕೆ ಹೊಸ ಯಂತ್ರ ಬೇಕಿಲ್ಲ.

ಹೊಸದನ್ನೇ ಕೊಳ್ಳುವುದಾದರೆ ಊರಿಗೆ ಒಪ್ಪುವುದನ್ನು ಕೊಳ್ಳಬೇಕು. ಪೂರ್ಣಸ್ವಯಂಚಾಲಿತ ಯಂತ್ರಕ್ಕೆ ನಳದಲ್ಲಿ ಒತ್ತಡದಿಂದ ಬರುವ ನೀರು ಬೇಕು. ಮಹಡಿಯ ಮೇಲೆ ಟಾಕಿ ಇಲ್ಲದ ಮನೆಯಲ್ಲಿ ಅದು ಬಾಯಿ ತೆರೆದು ಕಾಯುತ್ತ ನಿಲ್ಲುತ್ತದೆ. ನಳದ ನೀರು ನಿತ್ಯವೂ ಬಾರದ ಓಣಿಗಳಲ್ಲಿ ಕೊಡದಿಂದ ನೀರು ಹೊಯ್ಯಬಹುದಾದ, ಬಿಳಿಯ ಬಟ್ಟೆ ಒಗೆದ ಸಾಬೂನು ನೀರಿನಲ್ಲಿಯೇ ಬಣ್ಣದ ಬಟ್ಟೆಯನ್ನೂ ಒಗೆಯಬಹುದಾದ ಅರೆಸ್ವಯಂಚಾಲಿತ ಯಂತ್ರವೇ ಹೆಚ್ಚು ಉಪಯುಕ್ತ. ಬಿಡಿಭಾಗಗಳು ಎಲ್ಲಿ ದೊರೆಯುತ್ತವೆ ಎಂಬುದನ್ನೂ ಮೊದಲೇ ವಿಚಾರಿಸಬೇಕು. ಶಿರಹಟ್ಟಿಯ ಮನೆಯೊಂದರ ಯಂತ್ರಕ್ಕೆ ಬೇಕಾದ ಚಿಕ್ಕ ಭಾಗವೊಂದು ಗದಗಿನಲ್ಲಿಯೂ ಸಿಗದೆ ಹುಬ್ಬಳ್ಳಿಯವರೆಗೆ ಹೋಗಬೇಕಾಗಿ ಬಂದರೆ, ಅಗ್ಗದ ಯಂತ್ರವೂ ತುಟ್ಟಿಯಾಗುತ್ತದೆ.

ಬಿಡಿಭಾಗವಾಗಲಿ ಮಾಹಿತಿಯಾಗಲಿ ದೊರೆಯದಂತಾದರೆ ಗ್ರಾಹಕನು ಇಷ್ಟವಿಲ್ಲದಿದ್ದರೂ ಹೊಸದನ್ನೇ ಕೊಳ್ಳಬೇಕಾಗುತ್ತದೆ. ಇದನ್ನು ಮನಗಂಡು ಭಾರತ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ‘ದುರಸ್ತಿಯ ಹಕ್ಕು’ ಎಂಬ ವಿಷಯವನ್ನು ಪರಿಶೀಲಿಸಲು ಒಂದು ಸಮಿತಿಯನ್ನು ರಚಿಸಿತು. ಕೃಷಿ ಉಪಕರಣ, ಮೊಬೈಲ್, ವಾಹನಗಳ ಜೊತೆಗೆ ಗೃಹೋಪಯೋಗಿ ಯಂತ್ರಗಳೂ ಅದರ ವ್ಯಾಪ್ತಿಗೆ ಬಂದವು. ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಪೂರ್ಣವಾದ ಅಧಿಕಾರವಿರಬೇಕಾದರೆ, ಅದನ್ನು ಸರಿಪಡಿಸಿಕೊಳ್ಳುವ ಅವಕಾಶವೂ ಇರಬೇಕು ಎಂಬುದು ಈ ಹಕ್ಕಿನ ತಿರುಳು.

ಬಿಟ್ಟ ಯಂತ್ರ ಎಲ್ಲಿಗೆ ಹೋಗುತ್ತದೆ ಎಂಬುದು ಕೊನೆಯ, ಆದರೆ ಕಡೆಗಣಿಸಲಾಗದ ಪ್ರಶ್ನೆ. ಅದರೊಳಗೆ ಉಕ್ಕು, ತಾಮ್ರ, ಅಲ್ಯೂಮಿನಿಯಂ, ಪ್ಲಾಸ್ಟಿಕ್ಕುಗಳಿವೆ. ತಾಮ್ರದ ಆಸೆಗೆ ತಂತಿಯನ್ನು ಬಯಲಿನಲ್ಲಿ ಸುಟ್ಟರೆ ಏಳುವ ಹೊಗೆ ವಿಷಮಯ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಬಟ್ಟೆ ಒಗೆಯುವ ಯಂತ್ರಕ್ಕೂ ಅನ್ವಯಿಸುತ್ತವೆ. ಹಳೆಯ ಯಂತ್ರಗಳ ಮರುಬಳಕೆಯ ಹೊಣೆಯನ್ನು ಅವು ತಯಾರಕರ ಮೇಲೆ ಹೊರಿಸುತ್ತವೆ. ಹೊಸದನ್ನು ತರುವಾಗ ಹಳೆಯದನ್ನು ಅಂಗಡಿಗೆ ಹಿಂದಿರುಗಿಸುವುದು, ಅಧಿಕೃತ ಮರುಬಳಕೆದಾರರಿಗೆ ಕೊಡುವುದು ಅಥವಾ ದುರಸ್ತಿ ಮಾಡಿ ಬಳಸಬಲ್ಲವರಿಗೆ ಒಪ್ಪಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ.

ಹಳೆಯದೆಂಬ ಕಾರಣಕ್ಕೆ ವಸ್ತುವನ್ನು ಎಸೆಯುವುದು ದುಂದು. ಹಳೆಯದೆಂಬ ಮೋಹಕ್ಕೆ ಅದನ್ನು ಹಿಡಿದುಕೊಂಡಿರುವುದು ಮೊಂಡು. ರೋಗವನ್ನು ಅರಿತು, ವರ್ಷದ ಲೆಕ್ಕವನ್ನು ಹಾಕಿ, ಮನೆಯಲ್ಲಿ ದುಡಿಯುವವರ ಮಾತನ್ನು ಕೇಳಿ ಮಾಡಿದ ತೀರ್ಮಾನ ಯಾವುದಾದರೂ ಸರಿಯೇ. ಈ ಕ್ರಮವನ್ನು ಕಲಿತವನಿಗೆ ಸೈಕಲ್ಲು, ಪಂಪು, ಮನೆಯ ಮಾಳಿಗೆ ಯಾವುದು ಕೆಟ್ಟರೂ ದಾರಿ ತಾನಾಗಿ ತೋರುತ್ತದೆ.

ಅಭ್ಯಾಸ

1. ‘ಹಳೆಯದು’ ಮತ್ತು ‘ಕೆಟ್ಟದ್ದು’ – ಇವುಗಳ ವ್ಯತ್ಯಾಸವನ್ನು ಗದಗಿನ ಮುದ್ರಣದ ಉದಾಹರಣೆಯಿಂದ ವಿವರಿಸಿರಿ.
2. ‘ಅರ್ಧದ ನಿಯಮ’ದ ಕೊರತೆ ಯಾವುದು?
3. ಗಡಸು ನೀರು ಬಟ್ಟೆ ಒಗೆಯುವ ಯಂತ್ರಕ್ಕೆ ಹೇಗೆ ಹಾನಿಮಾಡುತ್ತದೆ?
4. ದುರಸ್ತಿಗೆ 4,200 ರೂಪಾಯಿ ಬೇಕು. ಅನಂತರ ಯಂತ್ರ 4 ವರ್ಷ ನಡೆಯುತ್ತದೆ. ಹೊಸ ಯಂತ್ರದ ಬೆಲೆ 16,000 ರೂಪಾಯಿ, ಆಯುಷ್ಯ 10 ವರ್ಷ. ನಿಮ್ಮ ತೀರ್ಮಾನವೇನು? ಕಾರಣ ಕೊಡಿರಿ.
5. ನಿಮ್ಮ ಮನೆಯಲ್ಲಿ ದುರಸ್ತಿಯಾಗಿ ಬಳಕೆಯಲ್ಲಿರುವ ಒಂದು ವಸ್ತುವಿನ ಬಗೆಗೆ ಹತ್ತು ವಾಕ್ಯಗಳನ್ನು ಬರೆಯಿರಿ.