ಜೌಗುಗಾಡಿನ ಮರಗಳು

ಮರಕ್ಕೆ ನೀರು ಬೇಕೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ನೀರೇ ಮರದ ಮೃತ್ಯುವೂ ಆಗಬಲ್ಲದು. 1964ರಲ್ಲಿ ಶರಾವತಿ ನದಿಗೆ ಲಿಂಗನಮಕ್ಕಿ ಅಣೆಕಟ್ಟು ನಿರ್ಮಾಣವಾದ ಮೇಲೆ ಮುಳುಗಿದ ಕಾಡಿನ ಬೊಡ್ಡೆಗಳು, ಬೇಸಗೆಯಲ್ಲಿ ಜಲಾಶಯದ ನೀರು ಇಳಿದಾಗ, ಇಂದಿಗೂ ತಲೆಯೆತ್ತಿ ನಿಲ್ಲುತ್ತವೆ. ಅದೇ ನದಿಯ ಕಣಿವೆಯಲ್ಲಿ, ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ, ಕೆಸರುನೀರಿನಲ್ಲಿಯೇ ಕಾಲೂರಿ ನಿಂತ ಮರಗಳು ಹಸುರಾಗಿ ಬಾಳುತ್ತಿವೆ. ಒಂದೆಡೆ ಕೊಂದ ನೀರು ಇನ್ನೊಂದೆಡೆ ಪೊರೆಯುವುದೆಂತು?

ಎಲೆಗಳಂತೆ ಬೇರುಗಳೂ ಉಸಿರಾಡುತ್ತವೆ. ಸಾಧಾರಣ ಮಣ್ಣಿನ ಕಣಗಳ ನಡುವೆ ಗಾಳಿಯಿರುತ್ತದೆ. ಬೇರು ಆ ಗಾಳಿಯಿಂದ ಆಮ್ಲಜನಕವನ್ನು ಪಡೆಯುತ್ತದೆ. ಮಣ್ಣು ನೀರಿನಿಂದ ತುಂಬಿದಾಗ ಗಾಳಿಯ ಎಡೆಗಳೆಲ್ಲ ಮುಚ್ಚಿಹೋಗುತ್ತವೆ. ನೀರಿನಲ್ಲಿ ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಳಿದಿದ್ದ ಅಲ್ಪಸ್ವಲ್ಪವನ್ನೂ ಮಣ್ಣಿನ ಸೂಕ್ಷ್ಮಜೀವಿಗಳು ಬೇಗನೆ ಬಳಸಿ ಮುಗಿಸುತ್ತವೆ. ಅನಂತರ ಬೇರು ಉಸಿರುಕಟ್ಟಿ ಕೊಳೆಯತೊಡಗುತ್ತದೆ. ಬೇರು ಕೊಳೆತ ಮೇಲೆ ಎಲೆಗಳಿಗೆ ನೀರು ಏರುವುದಿಲ್ಲ. ವಿಚಿತ್ರವೆಂದರೆ, ನೀರಿನಲ್ಲಿ ಮುಳುಗಿದ ಮರವು ಬಾಯಾರಿದ ಮರದಂತೆಯೇ ಬಾಡುತ್ತದೆ.

ಕತ್ತಲೆಕಾನಿನ ಜೌಗಿನ ಮರಗಳು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿವೆ. ಜಾಯಿಕಾಯಿ, ರಾಮಪತ್ರೆಗಳ ಕುಟುಂಬಕ್ಕೆ ಸೇರಿದ ಜಿಮ್ನಕ್ರಾಂತೆರ ಎಂಬ ಮರದ ಬೇರು ಕೆಸರಿನಿಂದ ಮೇಲಕ್ಕೆದ್ದು, ಮಡಿಸಿದ ಮಂಡಿಯಂತೆ ಬಾಗಿ, ಮರಳಿ ಕೆಸರಿಗಿಳಿಯುತ್ತದೆ. ಅದರ ಬಂಧುವಾದ ಮಿರಿಸ್ಟಿಕ ಮ್ಯಾಗ್ನಿಫಿಕ ಕಾಂಡದ ಬುಡದಿಂದ ಊರುಗೋಲುಗಳಂಥ ಬೇರುಗಳನ್ನು ಇಳಿಬಿಟ್ಟು ನಿಲ್ಲುತ್ತದೆ. ಈ ಬೇರುಗಳ ತೊಗಟೆಯ ಸಣ್ಣ ರಂಧ್ರಗಳ ಮೂಲಕ ಗಾಳಿಯು ಒಳಹೊಕ್ಕು ಕೆಸರಿನೊಳಗಿನ ಬೇರುಗಳನ್ನು ತಲಪುತ್ತದೆ. ಈ ಬಗೆಯ ಕಾಡನ್ನು ವಿಜ್ಞಾನಿಗಳು ಮೊದಲು ವಿವರಿಸಿದ್ದು 1960ರಲ್ಲಿ, ತಿರುವಾಂಕೂರಿನ ಸೀಮೆಯಲ್ಲಿ. ಕತ್ತಲೆಕಾನಿನಲ್ಲಿಯೇ ದೊರೆತ, ಕರಿಗೇರಿನ ಬಂಧುವಾದ ಹೊಸ ಮರವೊಂದಕ್ಕೆ 2000ದಲ್ಲಿ ಆ ಕಾಡಿನ ಹೆಸರನ್ನೇ ಸೇರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ನಾಮಕರಣ ಮಾಡಲಾಯಿತು.

ಆದರೆ ಈ ಉಪಾಯಕ್ಕೂ ಮಿತಿಯುಂಟು. ಮಂಡಿಬೇರು ಗಾಳಿಗೆ ತೆರೆದಿದ್ದರೆ ಮಾತ್ರ ಪ್ರಯೋಜನ. ಮಳೆಗಾಲದ ನಾಲ್ಕು ದಿನ ನೀರು ಅದರ ಮೇಲೇರಿ ಇಳಿದುಹೋದರೆ ಮರ ಸಹಿಸೀತು. ತೊರೆಗೆ ಅಡ್ಡವಾಗಿ ಒಡ್ಡು ಬಿದ್ದು ಬೇರುಗಳು ಸದಾ ಮುಳುಗಿಯೇ ಉಳಿದರೆ, ಜೌಗಿನ ಮರವೂ ಲಿಂಗನಮಕ್ಕಿಯ ಬೊಡ್ಡೆಗಳ ದಾರಿಯನ್ನೇ ಹಿಡಿಯಬೇಕಾಗುತ್ತದೆ.

ನೀರು ಇಳಿದರೆ ಆಗುವ ಕೇಡು ಇನ್ನೂ ಗುಪ್ತವಾದುದು. ಮಲೆನಾಡಿನಲ್ಲಿ ವರ್ಷವಿಡೀ ನೀರಾಡುವ ಸಮತಟ್ಟು ನೆಲ ಅಪರೂಪ. ಅಡಕೆಯ ತೋಟಕ್ಕೂ ಅದೇ ಬೇಕು, ಬತ್ತದ ಗದ್ದೆಗೂ ಅದೇ ಬೇಕು. ಅನೇಕ ಜೌಗುಗಾಡುಗಳು ಹೀಗೆ ತೋಟಗದ್ದೆಗಳಾದವು. ಅನ್ನ ದುಡಿಯುವವರನ್ನು ಸುಮ್ಮನೆ ದೂರಿ ಫಲವಿಲ್ಲ. ಕಾಡಿಗೆ ಕೊಡಲಿ ಹಾಕದೆ, ತೊರೆಯ ನೀರನ್ನು ಮಾತ್ರ ಮೇಲಿನಿಂದಲೇ ತಿರುಗಿಸಿದಾಗ ಏನಾಗುತ್ತದೆ? ಮರಗಳು ಕೂಡಲೇ ಸಾಯುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಕಾಡು ಹಾಗೆಯೇ ಇದೆ ಎನಿಸುತ್ತದೆ.

ನೀರಿನ ಮಟ್ಟ ಬದಲಾದ ವರ್ಷವೇ ಮರದ ಗತಿಯನ್ನು ನಿರ್ಣಯಿಸಲಾಗದು ಎಂಬುದಕ್ಕೆ ಸಾಕ್ಷ್ಯವು ಮರದ ಬೆಳವಣಿಗೆಯ ಉಂಗುರಗಳಲ್ಲಿ ದೊರೆಯುತ್ತದೆ. ನಮ್ಮ ನಿತ್ಯಹರಿದ್ವರ್ಣದ ಅನೇಕ ಮರಗಳಲ್ಲಿ ಈ ಉಂಗುರಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಅಮೆರಿಕದ ಜೌಗುಗಳಲ್ಲಿ ಬೆಳೆಯುವ ಸೈಪ್ರೆಸ್ ಮರಗಳಲ್ಲಿ ಚೆನ್ನಾಗಿ ಕಾಣುತ್ತವೆ. 1811–12ರ ಭಾರಿ ಭೂಕಂಪಗಳಲ್ಲಿ ಟೆನೆಸ್ಸಿ ಪ್ರಾಂತದ ನೆಲ ಕುಸಿದು ರೀಲ್‌ಫುಟ್ ಎಂಬ ಸರೋವರ ಉಂಟಾಯಿತು. ಅಲ್ಲಿದ್ದ ಸೈಪ್ರೆಸ್‌ಗಳಲ್ಲಿ ಕೆಲವು ಸತ್ತವು, ಕೆಲವು ಉಳಿದವು. ಉಳಿದವುಗಳ ಉಂಗುರಗಳನ್ನು ಪರೀಕ್ಷಿಸಿದಾಗ, ಮುಳುಗಡೆಯ ಮುಂದಿನ ಕೆಲವು ವರ್ಷ ಅವು ಮೊದಲಿಗಿಂತ ಹೆಚ್ಚು ರಭಸದಿಂದ ಬೆಳೆದಿದ್ದುದು ಕಂಡುಬಂದಿತು! ಇಂತಹ ಮರದ ಒಂದೆರಡು ವರ್ಷದ ಸೊಂಪನ್ನು ಕಂಡು ಅದರ ಮುಂದಿನ ಬಾಳನ್ನು ಊಹಿಸುವುದು ದುಡುಕು.

ಆದುದರಿಂದ ಜೌಗುಗಾಡನ್ನು ಪರೀಕ್ಷಿಸುವವರು ಮೇಲೆ ನೋಡುವುದಕ್ಕಿಂತ ಹೆಚ್ಚಾಗಿ ಕೆಳಗೆ ನೋಡುತ್ತಾರೆ. ಕೆಂಪು ಪತ್ರೆ ಸುತ್ತಿದ ಈ ಮರಗಳ ಬೀಜವನ್ನು ಮಂಗಟ್ಟೆ ಹಕ್ಕಿಗಳು ನುಂಗಿ ಅಲ್ಲಲ್ಲಿ ಉದುರಿಸುತ್ತವೆ. ಬೀಜಕ್ಕೆ ಕಾದಿರುವ ಶಕ್ತಿಯಿಲ್ಲ. ತೇವವಾರಿದರೆ ಬಹುಬೇಗ ಮೊಳೆಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಜೌಗು ಬತ್ತಿದ ಕಡೆ ಹಳೆಯ ಮರಗಳು ಹತ್ತಾರು ವರ್ಷ ನಿಂತಿರಬಹುದು, ಹೂ ಬಿಡಬಹುದು, ಕಾಯನ್ನೂ ಕೊಡಬಹುದು. ಅವುಗಳ ಮಂಡಿಬೇರುಗಳ ನಡುವೆ ಏಳುವ ಸಸಿಗಳು ಮಾತ್ರ ಒಣನೆಲದ ಬೇರೆ ಮರಗಳವು.