ಕಾಲು ತೆಗೆದರೂ ಇಳಿಯದ ಪಿಕಪ್‌ನ ರೇಸು

ನಮ್ಮ ಹಳೆ ಡೀಸೆಲ್ ಪಿಕಪ್ ಬೆಳಗ್ಗೆ ತಣ್ಣಗಿರುವಾಗ ಏನೂ ತಕರಾರು ಮಾಡುತ್ತಿರಲಿಲ್ಲ. ಹತ್ತು ಕಿಲೋಮೀಟರು ಹೋಗಿ ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿದರೆ ಮಾತ್ರ ರೇಸು ಇಳಿಯುವುದಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಯಾರೋ ಮೆಟ್ಟಿ ಹಿಡಿದ ಹಾಗೆ ಗುಂಯ್ ಅನ್ನುತ್ತಿತ್ತು. ಸ್ವಲ್ಪ ಡೀಸೆಲ್ ಹೆಚ್ಚು ಹೋದೀತು, ಅಷ್ಟೇ ಎಂದು ಎರಡು ವಾರ ಸುಮ್ಮನಿದ್ದೆ.

ಅಡಿಕೆ ಮೂಟೆ ಹೇರಿಕೊಂಡು ಪುತ್ತೂರಿಗೆ ಹೊರಟ ದಿನ ಬುದ್ಧಿ ಬಂತು. ಇಳಿಜಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಕಾಲು ತೆಗೆದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಬೇಕಲ್ಲ? ಇದು ಹಿಡಿಯುವ ಬದಲು ಮುಂದಕ್ಕೆ ತಳ್ಳುತ್ತಿತ್ತು. ಬರೇ ಬ್ರೇಕಿನಲ್ಲೇ ಇಳಿಸಬೇಕಾಯಿತು. ಕೆಳಗೆ ಮುಟ್ಟುವಾಗ ಚಕ್ರದಿಂದ ಸುಟ್ಟ ವಾಸನೆ.

ಗ್ಯಾರೇಜಿನವರು ನೋಡಿ, “ಇಷ್ಟೇ ಅಲ್ವಾ ಮಾರಾಯ್ರೆ” ಎಂದು ಐಡ್ಲಿಂಗ್ ಸ್ಕ್ರೂ ಸಡಿಲಿಸಿ ಕೊಟ್ಟರು. ಐದು ನಿಮಿಷದ ಕೆಲಸ. ಮರುದಿನ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗ್ತದೆ, ನಿಲ್ಲುವುದಿಲ್ಲ, ಆಫ್ ಆಗ್ತದೆ. ಬಿಸಿಯಾದ ಮೇಲೆ ಪುನಃ ರೇಸು. ತಣ್ಣಗಿರುವಾಗ ಕಮ್ಮಿ, ಬಿಸಿಯಲ್ಲಿ ಜಾಸ್ತಿ ಎಂದರೆ ದೋಷ ಸ್ಕ್ರೂವಿನದ್ದಲ್ಲ ಎಂದು ಆಗ ಹೊಳೆಯಿತು. ಸ್ಕ್ರೂ ತನ್ನಷ್ಟಕ್ಕೆ ತಿರುಗುವುದಿಲ್ಲ. ಹಾಗಾಗಿ ಅದನ್ನು ಮೊದಲಿದ್ದಲ್ಲಿಗೇ ತಂದು ಬುಡದಿಂದ ಹುಡುಕಲು ಕೂತೆ.

ಮೊದಲು ನೋಡಬೇಕಾದದ್ದು ಪೆಡಲು. ಎಂಜಿನ್ ರೇಸಿನಲ್ಲಿರುವಾಗ ಪೆಡಲನ್ನು ಕಾಲಿನ ತುದಿಯಿಂದ ಮೇಲಕ್ಕೆ ಎತ್ತಿ. ಇಳಿದರೆ ಕೇಬಲ್ ತುಕ್ಕು ಹಿಡಿದಿದೆ, ಇಲ್ಲವೇ ಹಿಂದಕ್ಕೆಳೆಯುವ ಸ್ಪ್ರಿಂಗ್ ಸೋತಿದೆ. ಕಾಲಡಿಯ ಮ್ಯಾಟ್ ಸಿಕ್ಕಿಕೊಂಡದ್ದೂ ಇರಬಹುದು. ಅನಂತರ ಬಾನೆಟ್ ಎತ್ತಿ, ಕೇಬಲ್ ಎಳೆಯುವ ಲಿವರು ತನ್ನ ಸ್ಕ್ರೂವಿಗೆ ತಾಗಿ ನಿಂತಿದೆಯೋ ನೋಡಿ. ನನ್ನದರಲ್ಲಿ ಸರಿಯಾಗಿ ತಾಗಿಯೇ ಇತ್ತು. ಅಂದರೆ ಕೇಬಲ್ ತನ್ನ ಕೆಲಸ ಮಾಡಿದೆ, ಆದರೂ ಪಂಪ್ ಹೆಚ್ಚು ಡೀಸೆಲ್ ಕೊಡುತ್ತಿದೆ.

ಯಾಕೆ? ಹಳೆಯ ಕೆಲವು ಡೀಸೆಲ್ ಗಾಡಿಗಳಲ್ಲಿ ಆಕ್ಸಿಲರೇಟರ್ ಕೇಬಲ್ ಹೋಗುವುದು ಪಂಪಿಗಲ್ಲ. ಎಂಜಿನ್ ಗಾಳಿ ಎಳೆಯುವ ಗಂಟಲಿನಲ್ಲಿ ಒಂದು ಬಿಲ್ಲೆ ಇದೆ, ಕೇಬಲ್ ತಿರುಗಿಸುವುದು ಅದನ್ನು. ಕಾಲು ತೆಗೆದಾಗ ಬಿಲ್ಲೆ ಮುಚ್ಚುತ್ತದೆ, ಅಲ್ಲಿ ಗಾಳಿಯ ಎಳೆತ ಹೆಚ್ಚುತ್ತದೆ. ಆ ಎಳೆತ ಒಂದು ಹೋಸ್ ಮೂಲಕ ಪಂಪಿನ ಹಿಂಬದಿಯ ಡಬ್ಬಿಗೆ ಹೋಗಿ, ಒಳಗಿನ ತೆಳು ಪರದೆಯನ್ನು ಸ್ಪ್ರಿಂಗಿಗೆ ಎದುರಾಗಿ ಎಳೆಯುತ್ತದೆ. ಮೇಸ್ತ್ರಿಗಳು ಅದನ್ನು ಡಯಾಫ್ರಾಮ್ ಅನ್ನುತ್ತಾರೆ. ಪರದೆ ಎಳೆದಷ್ಟು ಡೀಸೆಲ್ ಕಮ್ಮಿ. ಹೋಸ್ ಎಲ್ಲಾದರೂ ಗಾಳಿ ಕುಡಿದರೆ ಎಳೆತ ಸಾಲುವುದಿಲ್ಲ, ಸ್ಪ್ರಿಂಗ್ ಗೆಲ್ಲುತ್ತದೆ, ರೇಸು ಏರುತ್ತದೆ. ಸ್ಕ್ರೂ ಸಡಿಲಿಸಿದರೆ ಬಿಲ್ಲೆ ಇನ್ನಷ್ಟು ಮುಚ್ಚಿ ಸೋರಿಕೆಯನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಅಷ್ಟೇ.

ನಿಮ್ಮ ಗಾಡಿಯಲ್ಲಿ ಈ ಹೋಸ್ ಇಲ್ಲದಿದ್ದರೆ ಪಂಪಿನ ಕ್ರಮ ಬೇರೆ. ಕೇಬಲ್, ಸ್ಪ್ರಿಂಗ್ ನೋಡಿದ ಮೇಲೆ ಪಂಪ್ ಕೆಲಸದವರ ಹತ್ತಿರವೇ ಹೋಗಿ. ಸೀಲ್ ಹಾಕಿದ ಸ್ಕ್ರೂಗಳನ್ನು ಮುಟ್ಟಲೇ ಬಾರದು.

ನನ್ನ ಹೋಸ್ ಮೇಲಿನಿಂದ ನೋಡಿದರೆ ಹೊಸದರ ಹಾಗಿತ್ತು. ಕಳಚಿ ಬಗ್ಗಿಸಿದಾಗ ಕ್ಲಿಪ್ಪಿನ ಹತ್ತಿರ, ಅಡಿಭಾಗದಲ್ಲಿ, ಉಗುರಿನಷ್ಟು ಉದ್ದದ ಬಿರುಕು. ತಣ್ಣಗಿರುವಾಗ ಮುಚ್ಚಿಕೊಂಡು, ಬಿಸಿಗೆ ರಬ್ಬರ್ ಮೆತ್ತಗಾದಾಗ ಬಾಯಿ ಬಿಡುತ್ತಿತ್ತು.

ಹೋಸ್ ಕಳಚಿದ್ದೇ ಆಯಿತಲ್ಲ, ಪರದೆಯನ್ನೂ ಪರೀಕ್ಷಿಸಿದೆ. ಇದು ಎಂಜಿನ್ ಆಫ್ ಇರುವಾಗ ಮಾಡುವಂಥದ್ದು. ಎಂಜಿನ್ ಬಂದ್ ಮಾಡುವ ಲಿವರನ್ನು ಪೂರ್ತಿ ಒತ್ತಿ ಹಿಡಿಯಿರಿ. ಪಂಪಿನ ಕಡೆಯ ಹೋಸ್ ಮೂತಿಗೆ ಬೆರಳು ಒತ್ತಿ ಮುಚ್ಚಿ, ಈಗ ಲಿವರು ಬಿಡಿ. ಪರದೆ ಗಟ್ಟಿ ಇದ್ದರೆ ಲಿವರು ಸ್ವಲ್ಪ ಬಂದು ತಡೆದು ನಿಲ್ಲುತ್ತದೆ. ಟಕ್ಕನೆ ಪೂರ್ತಿ ವಾಪಸು ಬಂದರೆ ಪರದೆ ಹರಿದಿದೆ, ಅದನ್ನು ಬದಲಿಸಬೇಕು. ನನ್ನದು ನಿಂತಿತು. ಗಾಳಿ ಗಂಟಲು ಮ್ಯಾನಿಫೋಲ್ಡಿಗೆ ಕೂಡುವಲ್ಲಿನ ಗ್ಯಾಸ್ಕೆಟ್ ಸೋರಿದರೂ ಇದೇ ತೊಂದರೆ. ಅಲ್ಲಿಯ ಬೋಲ್ಟುಗಳನ್ನು ಬಿಗಿ ಮಾಡಿ ನೋಡಿದೆ.

ಹೊಸ ಹೋಸ್, ಎರಡು ಕ್ಲಿಪ್ಪು ಹಾಕಿದ ಮೇಲೆ, ಎಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿ ಆಮೇಲೆ ಸ್ಕ್ರೂ ಹೊಂದಿಸಿದೆವು. ಇಂಥ ಎಂಜಿನ್ನಿಗೆ ಸಾಧಾರಣ 750ರಿಂದ 850 ಸುತ್ತು ಸಾಕು. ಆದರೆ ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದೇ ಲೆಕ್ಕ.

ಒಂದು ಅಪಾಯದ ಸಂಗತಿ ಹೇಳಲೇಬೇಕು. ಎಣ್ಣೆ ತುಂಬಿಸುವ ಬಗೆಯ ಏರ್‌ಕ್ಲೀನರಿಗೆ ಗುರುತಿಗಿಂತ ಮೇಲೆ ಎಣ್ಣೆ ಹೊಯ್ದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಉರಿಸುತ್ತದೆ. ಆಗ ರೇಸು ಏರುತ್ತಲೇ ಹೋಗುತ್ತದೆ. ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಗಾಬರಿಯಾಗದೆ ಟಾಪ್ ಗೇರಿಗೆ ಹಾಕಿ, ಬ್ರೇಕ್ ಗಟ್ಟಿಯಾಗಿ ಮೆಟ್ಟಿ, ಕ್ಲಚ್ ಬಿಟ್ಟು ಎಂಜಿನನ್ನು ಕಟ್ಟಿ ಹಾಕಿ. ಗಾಳಿ ಒಳಹೋಗುವ ಬಾಯಿಯನ್ನು ಹಲಗೆಯಿಂದ ಮುಚ್ಚಿದರೂ ನಿಲ್ಲುತ್ತದೆ. ಕೈ ಮಾತ್ರ ಇಡಬೇಡಿ.

2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಪಿಕಪ್‌ಗಳಲ್ಲಿ ಈ ಹೋಸೂ ಇಲ್ಲ, ಸ್ಕ್ರೂವೂ ಇಲ್ಲ. ಡೀಸೆಲ್ ಎಷ್ಟೆಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಬೆಳಗ್ಗೆ ಸ್ವಲ್ಪ ಹೊತ್ತು ರೇಸು ಹೆಚ್ಚಿದ್ದರೆ ಅದು ದೋಷವಲ್ಲ. ಬಿಸಿಯಾದ ಮೇಲೂ ಇಳಿಯದಿದ್ದರೆ ಸ್ಕ್ಯಾನರ್ ಇರುವಲ್ಲಿಗೆ ಒಯ್ಯುವುದೇ ದಾರಿ.

ಹೋಸ್ ತರುವಾಗ ದಪ್ಪ ಗೋಡೆಯ, ಎಣ್ಣೆ ತಾಗಿದರೆ ಹಾಳಾಗದ ರಬ್ಬರಿನದ್ದೇ ಕೇಳಿ. ಅಂಗಡಿಗೆ ಹೋಗಲು ಉದಾಸೀನವಾಗಿ ನಾನು ಮೊದಲು ತೋಟದ ಡ್ರಿಪ್ ಪೈಪಿನ ತುಂಡೊಂದನ್ನು ಸಿಕ್ಕಿಸಿದ್ದೆ. ಎರಡನೇ ದಿನವೇ ಬಿಸಿಗೆ ಮೆತ್ತಗಾಗಿ, ಎಳೆತಕ್ಕೆ ಚಪ್ಪಟೆಯಾಗಿ, ಗಾಡಿ ಮೊದಲಿಗಿಂತ ಜೋರಾಗಿ ಕೂಗಿತು.